‘ಅಪ್ಪನ ಕೈಗೆ ಮಗು ಕೊಟ್ರೆ ಹೀಗೇ’ ಅನ್ನೋ ರೀಲ್ ನನಗೆ ಕಳಿಸಬೇಡಿ

1/10

ಈ ವಾರ ಒಂದೇ ರೀಲನ್ನ ಹನ್ನೊಂದು ಜನ ನನಗೆ ಕಳಿಸಿದ್ದೀರಿ. ಅಮ್ಮ ಅಂಗಡಿಗೆ ಹೋಗಿ ಬರೋ ಅರ್ಧ ಗಂಟೇಲಿ ಅಪ್ಪ ಮಗುವಿನ ಪ್ಯಾಂಟನ್ನ ತಲೆಗೆ ಹಾಕಿ, ಡೈಪರ್ ಹಿಂದುಮುಂದು ಕಟ್ಟಿ, ಬಿಸ್ಕತ್ತಿನ ಪ್ಯಾಕೆಟ್ಟನ್ನೇ ಕೈಗೆ ಕೊಟ್ಟು, ತಾನು ಸೋಫಾ ಮೇಲೆ ಬಾಯಿ ತೆಗೆದು ಮಲಗಿರ್ತಾನೆ. ಕೆಳಗೆ ಕಾಮೆಂಟು: "ನಮ್ಮೋರು ಡಿಟ್ಟೋ", "ಎಲ್ಲಾ ಮನೆ ದೋಸೆನೂ ತೂತೇ ಅಕ್ಕ".

ನಗು ಬರುತ್ತೆ, ಇಲ್ಲ ಅನ್ನಲ್ಲ. ಪ್ಯಾಂಟು ತಲೆ ಮೇಲಿರೋ ಮಗು ಯಾವ ಕಾಲಕ್ಕೂ ಮುದ್ದೇ.

ಈ ಪೇಜಿಗೆ ನೀವು ಬರೋದೇ ನಮ್ಮನೆ ಪುಟ್ಟಿ, ಪಾಪು ಮಾಡೋ ಕಿತಾಪತಿ ನೋಡೋಕೆ ಅಂತ ಗೊತ್ತು. ಇವತ್ತೊಂದು ದಿನ ಜಗಳಕ್ಕೆ ಬಂದಿದೀನಿ, ಸಹಿಸಿಕೊಳ್ಳಿ. ಹತ್ತು ಭಾಗ ಇದೆ. ಪಾತ್ರೆ ತೊಳೀತಾ ಓದಬೇಡಿ, ಫೋನು ಸಿಂಕಿಗೆ ಬಿದ್ರೆ ನಾನು ಜವಾಬ್ದಾರಳಲ್ಲ.

ನನ್ನ ಜಗಳ ಆ ಅಪ್ಪನ ಜೊತೆಗಲ್ಲ, ಆ ಜೋಕಿನ ಜೊತೆ. ‘ಅಪ್ಪನಿಗೆ ಮಗು ನೋಡ್ಕೊಳ್ಳೋಕೆ ಬರಲ್ಲ’ ಅನ್ನೋದನ್ನ ನಾವು ತಮಾಷೆ ಮಾಡಿ ಮಾಡಿ, ಅದನ್ನ ಸೂರ್ಯ ಪೂರ್ವದಲ್ಲಿ ಹುಟ್ಟೋ ಥರದ ಸತ್ಯ ಮಾಡಿ ಕೂರಿಸಿದೀವಿ. ನಕ್ಕ ಮೇಲೆ ಎದ್ದು ಡೈಪರ್ ಸರಿ ಮಾಡೋರು ಯಾರು? ವಿಡಿಯೋ ಅಲ್ಲಿಗೆ ಬರೋಷ್ಟರಲ್ಲಿ ಮುಗಿದಿರುತ್ತೆ.

2/10

ಈ ಗಂಡಸರಿಗೆ ತಲೆ ಓಡಲ್ಲ ಅನ್ನೋದು ಮೊದಲನೇ ಸುಳ್ಳು.

ನಿಮ್ಮ ಮನೆಯವರನ್ನೇ ನೋಡಿ. ಹತ್ತು ವರ್ಷದ ಹಿಂದಿನ ಆರ್‌ಸಿಬಿ ಮ್ಯಾಚಲ್ಲಿ ಕೊನೇ ಓವರ್ ಯಾರು ಹಾಕಿದ್ದು ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ. ಬೈಕಿನ ಸದ್ದು ಕೇಳಿ ಚೈನ್ ಸಡಿಲ ಆಗಿದೆ ಅಂತಾರೆ. ಯಾವ ಇಎಂಐ ಯಾವ ತಾರೀಖು ಯಾವ ಖಾತೆಯಿಂದ ಹೋಗುತ್ತೆ ಅನ್ನೋದು ಬಾಯಿಪಾಠ. ಅದೇ ಮನುಷ್ಯನಿಗೆ ಅಡುಗೆಮನೇಲಿ ಜೀರಿಗೆ ಡಬ್ಬ ಮೂಗಿನ ಮುಂದಿದ್ರೂ ಕಾಣಲ್ಲ. ಮಗಳ ಸಾಕ್ಸ್ ಎಲ್ಲಿ ಅಂತ ಬೀರು ಬಾಗಿಲು ತೆಗೆದು, ಒಳಗೆ ನೋಡದೇನೇ, ನಮ್ಮನ್ನ ಕರೀತಾರೆ.

ಇದಕ್ಕೆ ನಾವು "ಗಂಡಸರ ಕಣ್ಣೇ ಹಾಗೆ" ಅಂತ ನಗ್ತೀವಿ. ಇದನ್ನೇ ಬೇರೆ ಜಾಗದಲ್ಲಿಟ್ಟು ನೋಡಿ. ಬ್ಯಾಂಕಿನ ಕ್ಯಾಷಿಯರ್ ದಿನಾ ನೋಟು ತಪ್ಪು ಎಣಿಸಿ, "ನನಗೆ ಈ ಎಣಿಕೆ ಎಲ್ಲ ಬರಲ್ಲ, ಪಕ್ಕದ ಕೌಂಟರ್ ಮೇಡಂ ಚೆನ್ನಾಗಿ ಎಣಿಸ್ತಾರೆ" ಅಂತ ಹಲ್ಲು ಕಿರಿದ್ರೆ ನೀವು ಹಾರ್ಟ್ ಹಾಕ್ತೀರಾ? ಮ್ಯಾನೇಜರ್ ಎಲ್ಲಿ ಅಂತ ಕೇಳ್ತೀರಿ. ಮನೆಗೆ ಮ್ಯಾನೇಜರ್ ಇಲ್ಲ. ಇರೋದು ಪಕ್ಕದ ಕೌಂಟರ್ ಮೇಡಂ ಮಾತ್ರ, ಅವಳಿಗೆ ಬೆಳಿಗ್ಗೆಯಿಂದ ಬಿಡುವಾಗಿಲ್ಲ.

ನಾನು ಟೀಚರ್. ಬರಲ್ಲ ಅಂದ್ರೆ ಮತ್ತೆ ಕೇಳಲ್ಲ ಅನ್ನೋ ಉಪಾಯ ಕೊನೇ ಬೆಂಚಿನವರಿಗೆ ಎಂಟನೇ ಕ್ಲಾಸಿಗೇ ಗೊತ್ತಿರುತ್ತೆ. ಬೋರ್ಡು ಒರೆಸು ಅಂದ್ರೆ ಅರ್ಧ ಒರೆಸಿ, ಮೈಯೆಲ್ಲ ಸುಣ್ಣ ಮಾಡ್ಕೊಂಡು ನಿಲ್ತಾರೆ. ಕ್ಲಾಸೆಲ್ಲ ನಗುತ್ತೆ. ಮರುದಿನದಿಂದ ಮೊದಲ ಬೆಂಚಿನ ಹುಡುಗಿ ಒರೆಸ್ತಾಳೆ. ಎಲ್ಲಾ ಗಂಡಂದಿರೂ ಬೇಕಂತಲೇ ಹೀಗೆ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಬೇಕಂತ ಮಾಡದಿದ್ರೂ ಫಲ ಒಂದೇ ಅಂತ ಹೇಳ್ತಿದೀನಿ.

3/10

ಹಾಗಾದ್ರೆ ಬರದೇ ಇರೋದು ಯಾಕೆ? ಇಲ್ಲಿ ನಾನು ಹೇಳೋದು ನಿಮ್ಮಲ್ಲಿ ಕೆಲವರಿಗೆ ಕೋಪ ತರಿಸುತ್ತೆ.

ನಮ್ಮ ಬಾಣಂತನ.

ತಡೀರಿ, ಬಯ್ಯೋ ಮುಂಚೆ ಪೂರ್ತಿ ಓದಿ. ತವರಿನ ಬಾಣಂತನ ಇಲ್ಲದಿದ್ರೆ ನಾನು ಎದ್ದು ಓಡಾಡ್ತಿರಲಿಲ್ಲ. ಎಣ್ಣೆ ಒತ್ತಿ ಹಂಡೆ ಬಿಸಿನೀರು ಹೊಯ್ಯೋದು, ಸಾಂಬ್ರಾಣಿ ಹೊಗೆ, ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಹೆತ್ತ ಮೈಗೆ ಅಷ್ಟು ಆರೈಕೆ ಬೇಕು. ಅದನ್ನ ಕಿತ್ತು ಹಾಕಿ ಅಂತ ನಾನು ಹೇಳಲ್ಲ, ಹೇಳಿದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸಲ್ಲ.

ಆದ್ರೆ ಆ ಮೂರು ತಿಂಗಳು, ಐದು ತಿಂಗಳು ಅಪ್ಪ ಎಲ್ಲಿರ್ತಾನೆ? ಶನಿವಾರ ಸಂಜೆ ನಂದಿನಿ ಪೇಡ ಡಬ್ಬ ಹಿಡ್ಕೊಂಡು ಬರ್ತಾನೆ. ಅಳಿಯ ಬಂದ್ರು ಅಂತ ಮನೆಯೆಲ್ಲ ಸಡಗರ. ಅವನಿಗೆ ಚಿರೋಟಿ, ಹೋಳಿಗೆ. ಸ್ನಾನ ಮಾಡ್ಸಿ, ಬೊಟ್ಟಿಟ್ಟು, ಹಾಲು ಕುಡಿಸಿ, ತೇಗು ತರಿಸಿ ರೆಡಿ ಮಾಡಿದ ಮಗುವನ್ನ ಟವೆಲ್ಲಲ್ಲಿ ಸುತ್ತಿ ಕೈಗೆ ಕೊಡ್ತಾರೆ. ಫೋಟೋ. ಮಗು ಮುಖ ಕಿವುಚಿತೋ ಇಲ್ವೋ, ನಾಲ್ಕು ದಿಕ್ಕಿಂದ ನಾಲ್ಕು ಕೈ: "ಕೊಡಿ ಕೊಡಿ, ನಿಮಗೆ ಗೊತ್ತಾಗಲ್ಲ." ಅವನು ಕೊಡ್ತಾನೆ, ಜೀವ ಬಂದಂಗಾಗುತ್ತೆ. ಭಾನುವಾರ ರಾತ್ರಿ ಬಸ್ಸು ಹತ್ತಿ ಹೋಗ್ತಾನೆ.

ಐದು ತಿಂಗಳಿಗೆ ಇಪ್ಪತ್ತು ಶನಿವಾರ. ಒಂದೊಂದಕ್ಕೂ ಎರಡು ಗಂಟೆ ಮಗು ಎತ್ತಿಕೊಂಡ ಅಂತ ಉದಾರವಾಗಿ ಲೆಕ್ಕ ಹಾಕಿದ್ರೂ ನಲವತ್ತು ಗಂಟೆ. ಅಮ್ಮನಿಗೆ ಅಷ್ಟು ಎರಡು ದಿನಕ್ಕೇ ಆಗಿರುತ್ತೆ.

ಆಮೇಲೆ ತೊಟ್ಟಿಲು, ಸೊಳ್ಳೆಪರದೆ, ಬಾಣಂತಿ ಖಾರದ ಡಬ್ಬ ಸಮೇತ ಗಂಡನ ಮನೆಗೆ ಬರ್ತೀವಿ. ಮೊದಲ ರಾತ್ರಿ ಮಗು ಅಳುತ್ತೆ. ಅವನು ದೀಪ ಹಾಕಿ ಗಾಬರಿಯಿಂದ ನಿಲ್ತಾನೆ. ನಾವು "ಬಿಡಿ, ನಿಮ್ಮಿಂದಾಗಲ್ಲ" ಅಂತೀವಿ. ಅಲ್ಲಿಗೆ ಆ ರೀಲಿನ ಚಿತ್ರಕಥೆ ರೆಡಿ.

4/10

"ಅಮ್ಮನಿಗೆ ಅದು ಹುಟ್ಟಿನಿಂದ ಬರುತ್ತಮ್ಮ" ಅಂತಾರಲ್ಲ, ಹಿರಿಯರು.

ಯಾವುದು ಹುಟ್ಟಿನಿಂದ ಬಂತು? ಹಾಲು ಬರೋದು ಮೈಯಿಂದ, ಸರಿ. ಅದೂ ಮೊದಲ ವಾರ ಎಷ್ಟು ಜನರನ್ನ ಅಳಿಸಿದೆ ಅಂತ ನಿಮಗೇ ಗೊತ್ತು. ಮಿಕ್ಕಿದ್ದೆಲ್ಲ ಒಬ್ಬರು ನಿಂತು ಕಲಿಸಿದ್ದು. ಮಣೆ ಮೇಲೆ ಕಾಲು ನೀಡಿ ಕೂತು, ಮಗುವನ್ನ ಕಾಲ ಮೇಲೆ ಬೋರಲು ಹಾಕಿ ಎರೆಯೋದು ಕಲಿಸಿದ್ದು ನಮ್ಮ ದೊಡ್ಡಮ್ಮ. ಕುತ್ತಿಗೆ ಹಿಂದೆ ಕೈ ಹೇಗಿಡಬೇಕು, ಕಿವಿಗೆ ನೀರು ಹೋಗದ ಹಾಗೆ ಹೇಗೆ ಹಿಡೀಬೇಕು, ಅಳು ಹಸಿವಿಂದೋ ಹೊಟ್ಟೆನೋವಿಂದೋ ಅಂತ ಹೇಗೆ ತಿಳೀಬೇಕು. ನಾನೇನು ಅದನ್ನ ಗರ್ಭದಲ್ಲಿ ಅಭಿಮನ್ಯು ಥರ ಕೇಳಿಸ್ಕೊಂಡು ಬಂದಿರಲಿಲ್ಲ. ಆ ಬಚ್ಚಲುಮನೆಗೆ ನಮ್ಮನೆಯವರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿದ್ದಿದ್ರೆ ಅವರೂ ಕಲೀತಿದ್ರು. ಯಾರೂ ಕರೀಲಿಲ್ಲ. ಅಳಿಯಂದ್ರನ್ನ ಬಚ್ಚಲಿಗೆ ಕರೀತಾರಾ?

ಲಸಿಕೆ ತಗೊಳ್ಳಿ. ಹುಟ್ಟಿದಾಗ ಹಾಕೋದು ಬಿಟ್ರೆ ಮುಂದಿನ ಮೂರು ಸುತ್ತು 6, 10 ಮತ್ತು 14ನೇ ವಾರಕ್ಕೆ. ಲೆಕ್ಕ ಹಾಕಿ, ಮೂರೂ ಮಗು ತವರಲ್ಲಿರುವಾಗಲೇ ಬರುತ್ತೆ. ಪೆಂಟಾ ಚುಚ್ಚಿಸಿದ ರಾತ್ರಿ ತೊಡೆ ಊದ್ಕೊಂಡು, ಮೈ ಬೆಚ್ಚಗಾಗಿ, ಎತ್ತಿದ್ರೂ ಅಳು ಇಳಿಸಿದ್ರೂ ಅಳು. ಆ ಮೂರು ರಾತ್ರಿ ದಾಟಿದವರಿಗೆ ಮಗುವಿನ ಜ್ವರದ ಭಯ ಅರ್ಧ ಹೋಗಿರುತ್ತೆ. ಅಪ್ಪ ಆ ರಾತ್ರಿಗಳನ್ನ ವಿಡಿಯೋ ಕಾಲಲ್ಲಿ ನೋಡಿ "ಅಯ್ಯೋ ಪಾಪ" ಅಂದು, ಚಾರ್ಜ್ ಇಲ್ಲ ಅಂತ ಇಟ್ಟಿರ್ತಾನೆ.

ಇನ್ನು ಅದನ್ನೆಲ್ಲ ಬರೆದಿಡೋ ಕಾರ್ಡಿನ ಹೆಸರೇ ತಾಯಿ ಕಾರ್ಡ್. ಬಸುರಿಯ ತಪಾಸಣೆಯೂ ಅದರಲ್ಲೇ ಇರೋದ್ರಿಂದ ಆ ಹೆಸರು ಬಂದಿರೋದು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಮಗುವಿಗೆ ಒಂದೂವರೆ ವರ್ಷ ಆದ್ಮೇಲೂ ಆ ಕಾರ್ಡು ಮನೇಲಿ ಎಲ್ಲಿದೆ ಅಂತ ತಾಯಿಗೆ ಮಾತ್ರ ಗೊತ್ತಿರೋದು ಯಾವ ಇಲಾಖೆ ಮಾಡಿದ ನಿಯಮವೂ ಅಲ್ಲ.

5/10

ಈಗ ಸ್ವಲ್ಪ ಅಂಕಿ. ಬೋರಾದ್ರೆ ಜಡೆ ಕಥೆಗೆ ಸ್ವೈಪ್ ಮಾಡಿ.

ಕೇಂದ್ರ ಸರ್ಕಾರ 2019ರಲ್ಲೂ 2024ರಲ್ಲೂ ಸಮಯ ಬಳಕೆ ಸಮೀಕ್ಷೆ ಮಾಡ್ತು. ಜನ ಇಪ್ಪತ್ತನಾಲ್ಕು ಗಂಟೆಯನ್ನ ಯಾವ ಯಾವ ಕೆಲಸಕ್ಕೆ ಕಳೀತಾರೆ ಅಂತ ಮನೆಮನೆಗೆ ಹೋಗಿ ಕೇಳಿದ್ದು. ಮನೆಗೆಲಸ ಮಾಡೋ 15ರಿಂದ 59 ವರ್ಷದ ಹೆಂಗಸರು ಅದಕ್ಕೆ ದಿನಕ್ಕೆ 2019ರಲ್ಲಿ 315 ನಿಮಿಷ ಕೊಡ್ತಿದ್ರು, 2024ರಲ್ಲಿ 305 ನಿಮಿಷ. ಐದು ವರ್ಷಕ್ಕೆ ಹತ್ತು ನಿಮಿಷ ಇಳೀತು. ಕುಕ್ಕರ್ ಮೂರು ಸಲ ಕೂಗೋ ಹೊತ್ತು. ವರ್ಷಕ್ಕೆ ಎರಡು ನಿಮಿಷದ ಈ ಸ್ಪೀಡಲ್ಲಿ ಹೋದ್ರೆ ಆ 305 ಅರ್ಧಕ್ಕೆ ಬರೋಕೆ 76 ವರ್ಷ ಬೇಕು. ನಮ್ಮ ಪುಟ್ಟಿಗೆ ಆಗ ಎಂಬತ್ತರ ಹತ್ತಿರ. ಹಲ್ಲು ಸೆಟ್ಟು ನೀರಲ್ಲಿ ಹಾಕಿಟ್ಟು ಆರಾಮಾಗಿ ಕೂರಬಹುದು.

ಮನೆಯವರ ಆರೈಕೆ, ಅಂದ್ರೆ ಮಕ್ಕಳು, ವಯಸ್ಸಾದವರನ್ನ ನೋಡ್ಕೊಳ್ಳೋದು: ಆ ವಯಸ್ಸಿನ ಹೆಂಗಸರಲ್ಲಿ ಶೇಕಡ 41 ಜನ ಅದನ್ನ ಮಾಡ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇಕಡ 21.4, ಅವರು 74 ನಿಮಿಷ. ಗಮನಿಸಿ, ಮಾಡೋ ಗಂಡಸರ ಸರಾಸರಿ ಅದು. ಮಾಡದೇ ಇರೋರು ಆ 74ರಲ್ಲಿ ಇಲ್ಲವೇ ಇಲ್ಲ.

ಇದೂ ಕೈಯ ಲೆಕ್ಕ ಮಾತ್ರ. ತಲೆಯ ಲೆಕ್ಕ ಯಾವ ಸಮೀಕ್ಷೇಲೂ ಸಿಗಲ್ಲ. ನಾಳೆ ನರ್ಸರೀಲಿ ಹಳದಿ ದಿನ, ಹಳದಿ ಫ್ರಾಕು ಗಿಡ್ಡ ಆಗಿದೆ, ಪಾಪು ಉಗುರು ಕತ್ತರಿಸಬೇಕು ಆದ್ರೆ ಇವತ್ತು ಮಂಗಳವಾರ ಅತ್ತೆ ಬಯ್ತಾರೆ, ರಾಗಿ ಸರಿ ಹಿಟ್ಟು ಎರಡು ದಿನಕ್ಕಾಗುತ್ತೆ, ಮೊಳಕೆ ಕಟ್ಟಬೇಕಂದ್ರೆ ಇವತ್ತೇ ನೆನೆಹಾಕಬೇಕು. ಈ ಕ್ಯಾಪ್ಷನ್ ಟೈಪ್ ಮಾಡುವಾಗಲೂ ನನ್ನ ತಲೆಯ ಅರ್ಧ ಭಾಗ ಆ ರಾಗಿ ಹತ್ರ ಇದೆ.

6/10

ಜಡೆ ಕಥೆ.

ಹೋದ ವರ್ಷ ಜೂನಲ್ಲಿ ನನ್ನ ಶಾಲೆಯ ಟೈಮು ಬದಲಾಯ್ತು. ಕೆಂಗೇರಿಯಿಂದ ಬೆಳಿಗ್ಗೆ 7.10ರ ಬಸ್ಸು ಹಿಡೀಬೇಕು. ಪುಟ್ಟಿ ಏಳೋದೇ ಏಳೂವರೆಗೆ. ಅವಳಿಗೆ ಎರಡು ಜಡೆ, ಕೆಂಪು ರಿಬ್ಬನ್ನು ಕಡ್ಡಾಯ. ಅಂದ್ರೆ ಜಡೆ ಇವರ ಪಾಲಿಗೆ ಬಂತು. ಇವರು ಒಂದು ಆಫೀಸಿನ ಸರ್ವರ್ ರೂಮಲ್ಲಿ ಕೇಬಲ್ ಜೋಡಿಸೋ ಕೆಲಸದಲ್ಲಿರೋರು.

ಮೊದಲ ದಿನ ಅತ್ತೆ "ಇವತ್ತೊಂದಿನ ನಾನೇ ಹಾಕ್ತೀನಿ ಬಿಡು" ಅಂದ್ರು. ಬೇಡ ಅಂದೆ. ಪಕ್ಕದ ಮನೆ ಆಂಟಿ "ನಮ್ಮನೆಗೆ ಕಳ್ಸು" ಅಂದ್ರು. ಬೇಡ ಅಂದೆ. ಅಡುಗೆಮನೆ ಗೋಡೆಗೆ ಹತ್ತು ಅಂಶಗಳ ಚೀಟಿ ಅಂಟಿಸಿ ಹೋಗ್ತೀಯಾ ಅಂತ ಇವರು ಕೇಳಿದ್ರು. ಅದೂ ಇಲ್ಲ ಅಂದೆ. ಒಂಬತ್ತೂವರೆಗೆ ನರ್ಸರಿಯಿಂದ ಫೋಟೋ ಬಂತು. ಒಂದು ಜಡೆ ಕಿವಿ ಹತ್ರ, ಇನ್ನೊಂದು ನೆತ್ತಿ ಮೇಲೆ. ಬೈತಲೆ ನೋಡಿದ್ರೆ ಚಾರ್ಮಾಡಿ ಘಾಟಿ. ರಿಬ್ಬನ್ ಸಿಗಲಿಲ್ಲ ಅಂತ ತುದಿಗೆ ಕರೀ ವೆಲ್ಕ್ರೋ ಪಟ್ಟಿ, ಕೇಬಲ್ ಕಟ್ಟೋದು.

ಇಲ್ಲಿ ನಿಲ್ಲಿಸಿದ್ರೆ ಭರ್ಜರಿ ರೀಲ್ ಆಗ್ತಿತ್ತು. ಹತ್ತು ಸಾವಿರ ಲೈಕಿಗೆ ಮೋಸ ಇರಲಿಲ್ಲ. ನಾನು ಹಾಕಲಿಲ್ಲ, ಯಾಕಂದ್ರೆ ಹಾಕಿದ ಮರುದಿನದಿಂದ ಜಡೆ ಮತ್ತೆ ನನಗೋ ಅತ್ತೆಗೋ ವಾಪಸ್ ಬರ್ತಿತ್ತು. ಸಂಜೆ ಪುಟ್ಟಿ "ಅಪ್ಪ, ಮಿಸ್ಸು ನಕ್ಕರು" ಅಂದಳು. ಅವರು ಏನೂ ಹೇಳಲಿಲ್ಲ. ರಾತ್ರಿ ಊಟ ಆದ್ಮೇಲೆ ಮೂರು ನೆಟ್‌ವರ್ಕ್ ವೈರು ಕಿಟಕಿ ಸರಳಿಗೆ ಕಟ್ಟಿ, ಯೂಟ್ಯೂಬ್ ನಿಧಾನಕ್ಕೆ ಓಡಿಸ್ಕೊಂಡು ಹೆಣೀತಾ ಕೂತಿದ್ರು.

ಈಗ ನಮ್ಮನೇಲಿ ಜಡೆ ನನಗಿಂತ ಅವರದ್ದೇ ಚೆನ್ನ. ಬಿಗಿ ಒಂದೇ ಸಮ, ಸಂಜೆವರೆಗೂ ಒಂದು ಕೂದಲು ಹೊರಗೆ ಬರಲ್ಲ. ಭಾನುವಾರ ನಾನು ಬಾಚೋಕೆ ಹೋದ್ರೆ ಪುಟ್ಟಿ ತಲೆ ಕೊಡಲ್ಲ, "ನೀನು ಎಳೀತೀಯ, ಅಪ್ಪ ಬರಲಿ" ಅಂತಾಳೆ.

ಇದನ್ನ ನೋಡಿ ಪಕ್ಕದ ಮನೆ ಆಂಟಿ ಹೇಳಿದ್ದು: "ಏಳು ಜನ್ಮದ ಪುಣ್ಯ ಕಣೇ, ಇಂಥ ಗಂಡ ಸಿಗೋಕೆ." ಅದಕ್ಕೂ ಮುಂಚೆ ಅದೇ ತಲೆಗೆ ದಿನಾ ನಾನು ಜಡೆ ಹಾಕ್ತಿದ್ದಾಗ ಇವರ ಹತ್ರ ಯಾರೂ ಬಂದು ಪುಣ್ಯದ ಮಾತಾಡಿರಲಿಲ್ಲ. ಅತ್ತೆಯ ತಂಗಿ ಹೇಳಿದ್ದು ಬೇರೆ: "ಪಾಪ, ಅವನ ಕೈಲಿ ಇದನ್ನೂ ಮಾಡಿಸ್ತಾಳೆ." ಒಂದು ಜಡೆಗೆ ನನಗೆ ಪುಣ್ಯವೂ ಬಂತು, ಪಾಪವೂ ಬಂತು.

7/10

ಜೋಕು ಮನೆ ಒಳಗೇ ಇದ್ದಿದ್ರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅದು ಆಫೀಸಿಗೂ ಕಾನೂನಿಗೂ ಹೋಗಿದೆ.

2017ರ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಹೆರಿಗೆಗೆ ತಾಯಿಗೆ 26 ವಾರ ಸಂಬಳದ ರಜೆ. ಒಳ್ಳೇದು, ಬೇಕಾದ್ದೇ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದ್ರೆ 15 ದಿನ. ಖಾಸಗಿ ಕಂಪನಿ ಆದ್ರೆ ಇಷ್ಟು ಕೊಡಲೇಬೇಕು ಅಂತ ಕಾನೂನಿಲ್ಲ, ಕಂಪನಿಯವರ ದೊಡ್ಡ ಮನಸ್ಸು. ಕೇಂದ್ರ ಸರ್ಕಾರದಲ್ಲೇ ಮಕ್ಕಳ ಆರೈಕೆಗೆ ಅಂತ ಇಡೀ ಸೇವೇಲಿ 730 ದಿನ ರಜೆ ಇದೆ. ಅದು ಮಹಿಳಾ ನೌಕರರಿಗೆ, ಮತ್ತು 2018ರಿಂದ ಒಂಟಿ ತಂದೆಗೆ. ಹೆಂಡತಿ ಇರೋ ಅಪ್ಪನಿಗೆ ಒಂದು ದಿನವೂ ಇಲ್ಲ. ಅಂದ್ರೆ ಹೆಂಡತಿ ಇಲ್ಲದಿದ್ರೆ ಗಂಡಸಿಗೆ ಮಗು ನೋಡ್ಕೊಳ್ಳೋಕೆ ಬರುತ್ತೆ ಅಂತ ಸರ್ಕಾರಕ್ಕೂ ಗೊತ್ತು! ಇದ್ದ ತಕ್ಷಣ ಮರೆತುಹೋಗುತ್ತೇನೋ.

ಪುಟ್ಟಿಗೆ ಅಮ್ಮ (ಸಿಡುಬಲ್ಲ, ಚಿಕನ್‌ಪಾಕ್ಸ್) ಆದಾಗ ಇವರು ಆಫೀಸಲ್ಲಿ ರಜೆ ಕೇಳಿದ್ರೆ ಬಂದ ಪ್ರಶ್ನೆ, "ಯಾಕೆ, ಮಿಸೆಸ್ ಊರಲ್ಲಿಲ್ವಾ?" ಕೇಳಿದವರೂ ಎರಡು ಮಕ್ಕಳ ಅಪ್ಪ. ಅವರೂ ಆ ರೀಲ್ ನೋಡಿ ನಕ್ಕಿರ್ತಾರೆ. ಅಪ್ಪ ಮನೇಲಿದ್ರೆ ಮಗು ಪ್ಯಾಂಟು ತಲೆಗೆ ಹಾಕ್ಕೊಳ್ಳುತ್ತೆ ಅಷ್ಟೇ ಅನ್ನೋದು ಸತ್ಯ ಆದ್ರೆ ರಜೆ ಯಾಕೆ ಕೊಡಬೇಕು ಹೇಳಿ?

ಶಾಲೆ ಅರ್ಜೀಲಿ ಮೊದಲ ನಂಬರ್ ಇವರದ್ದು, ಎರಡನೇದು ನನ್ನದು. ಮಗು ವಾಂತಿ ಮಾಡ್ಕೊಂಡ್ರೆ ಫೋನ್ ಬರೋದು ಎರಡನೇ ನಂಬರಿಗೆ, ಹತ್ತನೇ ಕ್ಲಾಸಿಗೆ ನಾನು ಸಂಧಿ ಪಾಠ ಮಾಡುವಾಗ. ಕ್ಲಾಸಿನ ವಾಟ್ಸಾಪ್ ಗ್ರೂಪಿನ ಹೆಸರು ‘ಮಮ್ಮೀಸ್’. ಇವರನ್ನ ಸೇರಿಸಿ ಅಂತ ಮೂರು ಸಲ ಕೇಳಿದ್ಮೇಲೆ ಸೇರಿಸಿದ್ರು. ಈಗ ಅಲ್ಲಿ ಒಬ್ಬರು "ಹಲೋ ಮಮ್ಮೀಸ್ ಅಂಡ್ ಸರ್" ಅಂತ ಶುರು ಮಾಡ್ತಾರೆ, ಪುಣ್ಯಾತ್ಗಿತ್ತಿ.

ಮಾಲಿಗೆ ಹೋದಾಗ ಮಗುವಿನ ಬಟ್ಟೆ ಬದಲಿಸೋ ಹಲಗೆ ಹೆಂಗಸರ ಟಾಯ್ಲೆಟ್ಟಲ್ಲಿ ಮಾತ್ರ ಇತ್ತು. ಇವರು ಪಾರ್ಕಿಂಗಲ್ಲಿ ನಮ್ಮ ಸ್ಕೂಟರ್ ಸೀಟಿನ ಮೇಲೆ ಟವೆಲ್ ಹಾಸಿ ಪಾಪುವಿನ ಡೈಪರ್ ಬದಲಿಸಿದ್ರು. ಸೆಕ್ಯುರಿಟಿ ಅಣ್ಣ ಓಡಿ ಬಂದಾಗ ಬಯ್ಯೋಕೆ ಬಂದ್ರು ಅಂದ್ಕೊಂಡೆ. ಬಂದವರೇ ಮಗುವಿನ ಎರಡು ಕಾಲು ಹಿಡ್ಕೊಂಡು "ಬೇಗ ಹಾಕಿ ಸಾರ್, ಮತ್ತೆ ಮಾಡ್ಬಿಡುತ್ತೆ" ಅಂದ್ರು. ಅವರಿಗೂ ಮನೇಲಿ ಚಿಕ್ಕದೊಂದು ಇದೆಯಂತೆ.

8/10

ಗೊತ್ತು, ಈಗಾಗಲೇ ಟೈಪ್ ಮಾಡ್ತಿದೀರಿ: "ಅವರು ಹೊರಗೆ ದುಡಿದು ಸುಸ್ತಾಗಿ ಬರ್ತಾರೆ ಅಕ್ಕ."

ಬರ್ತಾರೆ. ಹನ್ನೆರಡು ಗಂಟೆ ಕ್ಯಾಬ್ ಓಡಿಸಿ ಬಂದವರಿಗೆ ಮಧ್ಯರಾತ್ರಿ ತೊಟ್ಟಿಲು ತೂಗಿ ಅಂತ ನಾನು ಹೇಳಲ್ಲ. ದಿನಗೂಲಿ ಮನೆಯ ಕಷ್ಟಕ್ಕೆ ಕೂತಲ್ಲಿಂದ ಉಪದೇಶ ಮಾಡೋಕೆ ನಾನು ಯಾರು? ಆದ್ರೆ ಆ ರೀಲ್ ಮಾಡೋರು, ಕಳಿಸೋರು ಆ ಮನೆಯವರಲ್ಲ. ನಮ್ಮ ಬೀದಿ ಕೊನೇಲಿ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗೋ ಹೆಂಗಸರ ನಾಲ್ಕೈದು ಮನೆ ಇದೆ. ಅವರು ಮುಂಜಾನೆ ಡಬ್ಬಿ ಹಿಡ್ಕೊಂಡು ವ್ಯಾನ್ ಹತ್ತಿಬಿಡ್ತಾರೆ. ಆಮೇಲೆ ಒಂದು ಮನೇಲಿ ಅಪ್ಪನೇ ಚಿತ್ರಾನ್ನ ಕಲಸಿ, ಎರಡು ಮಕ್ಕಳ ಮುಖ ತೊಳೆಸಿ, ಒಂದನ್ನ ಅಂಗನವಾಡಿಗೂ ಒಂದನ್ನ ಶಾಲೆಗೂ ಬಿಟ್ಟು, ಪೇಂಟಿಂಗ್ ಕೆಲಸಕ್ಕೆ ಹೋಗ್ತಾರೆ. ನಾನು ಮೂರು ವರ್ಷದಿಂದ ನೋಡ್ತಿದೀನಿ. ಅವರಿಗೆ ಯಾರೂ ‘ಸೂಪರ್ ಡ್ಯಾಡ್’ ಅಂತ ಕೇಕ್ ಕತ್ತರಿಸಿಲ್ಲ. ಬೇರೆ ದಾರಿ ಇಲ್ಲದ ಮನೇಲಿ ಗಂಡಸಿಗೆ ಮಗು ನೋಡ್ಕೊಳ್ಳೋಕೆ ಬರುತ್ತೆ. ದಾರಿ ಇರೋ ಮನೇಲಿ ಬರಲ್ಲ.

ಎರಡನೇದು, "ಗಂಡನ ಮರ್ಯಾದೆ ತೆಗೀತಿದೀರಾ." ಅವನು ಕೈಲಾಗದವನು ಅಂತ ಊರಿಗೆಲ್ಲ ತೋರಿಸಿ ನಗೋದು ಮರ್ಯಾದೆ, ಅವನಿಗೆ ಬರುತ್ತೆ ಅಂತ ನಾನು ಹೇಳೋದು ಅವಮಾನ. ಈ ನ್ಯಾಯ ನನಗೆ ಅರ್ಥ ಆಗಲಿಲ್ಲ.

ಮೂರನೇದು ನಮ್ಮ ಅಕ್ಕತಂಗಿಯರಿಗೇ. ಅವನು ಡೈಪರ್ ಕಟ್ಟುವಾಗ ಹಿಂದೆ ನಿಂತು "ಹಾಗಲ್ಲ, ಹೀಗಲ್ಲ, ಕೊಡಿ ಇಲ್ಲಿ" ಅಂತ ಕಿತ್ಕೊಳ್ತೀರಲ್ಲ, ಅದು ಬಿಡಿ. ಸೋರಿದ್ರೆ ಸೋರಲಿ. ಹಾಸಿಗೆ ಒಗೆಯೋ ಕೆಲಸವೂ ಅವನಿಗೇ ಹೋದ್ರೆ ಎರಡನೇ ಸಲ ಸರಿಯಾಗಿ ಕಟ್ತಾನೆ.

9/10

ಇದರಲ್ಲಿ ಅಂಥದ್ದೇನು ಮುಳುಗಿ ಹೋಗೋದಿದೆ ಅಂತ ಕೇಳಿದ್ರೆ, ಎರಡು ವಿಷಯ ಹೇಳ್ತೀನಿ.

ಅತ್ತೆ ಆಗಾಗ ಹೇಳ್ತಾರೆ, "ನಿಮ್ಮ ಮಾವ ಒಂದು ದಿನ ತಾವಾಗಿ ಎದ್ದು ಒಂದು ಲೋಟ ನೀರು ತಗೊಂಡವರಲ್ಲ." ಅದರಲ್ಲಿ ಹೆಮ್ಮೆ ಎಷ್ಟು, ಆಯಾಸ ಎಷ್ಟು ಅಂತ ನನಗೆ ಇವತ್ತಿಗೂ ಬಿಡಿಸೋಕಾಗಿಲ್ಲ. ಅತ್ತೆ ಊರಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡು ಆಸ್ಪತ್ರೇಲಿದ್ದಾಗ ಮಾವ ನಾಲ್ಕು ದಿನ ಬನ್ನು, ಬಾಳೆಹಣ್ಣು ತಿಂದ್ಕೊಂಡಿದ್ರು. ಅಕ್ಕಿ ಡಬ್ಬ ತುಂಬಿತ್ತು. ಸ್ಟವ್ ಹಚ್ಚೋ ಲೈಟರ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ನಮಗೆ ಫೋನ್ ಮಾಡಿ ಕೇಳೋಕೆ ಸಂಕೋಚ. ಮೂವತ್ತೆಂಟು ವರ್ಷ ಸರ್ಕಾರಿ ಲೆಕ್ಕಪತ್ರ ಒಂದು ಪೈಸೆ ತಪ್ಪದ ಹಾಗೆ ಇಟ್ಟ ಮನುಷ್ಯ. ಅವರನ್ನ ಹಾಗೆ ನೋಡಿ ನನಗೆ ನಗು ಬರಲಿಲ್ಲ. ಅವರ ಕಾಲದಲ್ಲೂ ಯಾರೋ "ಗಂಡಸರಿಗೆ ಏನು ಗೊತ್ತಾಗುತ್ತೆ" ಅಂತ ಜೋಕ್ ಮಾಡಿರ್ತಾರೆ.

ಎರಡನೇದು ಹೋದ ಮಳೆಗಾಲದ್ದು. ನನಗೆ ಡೆಂಗಿ ಆಯ್ತು. ಪ್ಲೇಟ್‌ಲೆಟ್ ಇಳೀತು, ಮೂರು ದಿನ ಅಡ್ಮಿಟ್. ಎರಡನೇ ರಾತ್ರಿ ಮನೇಲಿ ಪಾಪುವಿಗೆ ಜ್ವರ.

ಮನೇಲಿ ಎರಡು ಪ್ಯಾರಸಿಟಮಾಲ್ ಬಾಟಲಿ ಇತ್ತು, ಡ್ರಾಪ್ಸ್ ಒಂದು, ಅಕ್ಕನ ಸಿರಪ್ ಒಂದು. ನೋಡೋಕೆ ಹೆಚ್ಚುಕಮ್ಮಿ ಒಂದೇ, ಅದೇ ಬಣ್ಣ, ಅದೇ ಸಿಹಿ. ಸಾಮಾನ್ಯವಾಗಿ ಸಿಗೋ ಡ್ರಾಪ್ಸಲ್ಲಿ ಒಂದು ಎಂ.ಎಲ್.ಗೇ 100 ಮಿಲಿಗ್ರಾಂ ಔಷಧಿ ಇರುತ್ತೆ. ಮಕ್ಕಳ ಸಿರಪ್ಪಲ್ಲಿ ಐದು ಎಂ.ಎಲ್.ಗೆ 120 ಅಥವಾ 125, ಕೆಲವದರಲ್ಲಿ 250. ಸಿರಪ್ ಅಂತ ತಿಳ್ಕೊಂಡು ಐದು ಎಂ.ಎಲ್. ಡ್ರಾಪ್ಸ್ ಕುಡಿಸಿದ್ರೆ ನಾಲ್ಕು ಪಟ್ಟು ಹೋಗಿರುತ್ತೆ, ಮತ್ತು ಆ ಔಷಧಿ ಹೆಚ್ಚಾದ್ರೆ ಲಿವರಿಗೆ ಪೆಟ್ಟು. ಎಷ್ಟು ಕೊಡಬೇಕು ಅನ್ನೋದು ಮಗುವಿನ ತೂಕದ ಮೇಲೆ. ಪಾಪು ತೂಕ ಎಷ್ಟು ಅನ್ನೋದು ತಾಯಿ ಕಾರ್ಡಲ್ಲಿದೆ. ತಾಯಿ ಕೈಗೆ ಡ್ರಿಪ್ ಹಾಕಿಸ್ಕೊಂಡು, ಮಂಪರಲ್ಲಿ, ಫೋನ್ ಸೈಲೆಂಟಿಟ್ಟು ಮಲಗಿದಾಳೆ.

ಇವರು ನನಗೆ ಫೋನ್ ಮಾಡಲಿಲ್ಲ. ಮಾಡೋ ಅಗತ್ಯ ಬೀಳಲಿಲ್ಲ. ಹತ್ತು ತಿಂಗಳಿಂದ ಪಾಪುವನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೇ ಅವರು, ಕಾರ್ಡ್ ಇದ್ದಿದ್ದೇ ಅವರ ಬ್ಯಾಗಲ್ಲಿ. ಡಾಕ್ಟರ್ ಚೀಟೀಲಿ ಬರೆದಷ್ಟು ಕೊಟ್ಟು, ಎಷ್ಟು ಗಂಟೆಗೆ ಕೊಟ್ಟೆ ಅಂತ ಕ್ಯಾಲೆಂಡರ್ ಮೇಲೆ ಬರೆದು, ಬೆಳಿಗ್ಗೆ ತೋರಿಸ್ಕೊಂಡು ಬಂದ್ರು. ನನಗೆ ವಿಷಯ ಗೊತ್ತಾಗಿದ್ದು ಡಿಸ್ಚಾರ್ಜ್ ದಿನ. ನನ್ನ ಕಾಯಿಲೇಲಿ ನಾನು ಬರೀ ಕಾಯಿಲೆಯವಳಾಗಿ ಮೂರು ದಿನ ಮಲಗಿದ್ದೆ. ಎಷ್ಟು ಜನ ಅಮ್ಮಂದಿರಿಗೆ ಆ ಭಾಗ್ಯ ಇದೆ, ಕಾಮೆಂಟಲ್ಲಿ ಹೇಳಿ.

ಮನೆಗೆ ಬಂದ್ರೆ ಬೀರುವಿನ ಖಾನೆಗಳಿಗೆಲ್ಲ ಲೇಬಲ್. ಆಫೀಸಿನ ಲೇಬಲ್ ಮೆಷಿನ್ ತಂದು ‘ಪಾಪು-ಚಡ್ಡಿ-01’, ‘ಪಾಪು-ಚಡ್ಡಿ-02 (ಬಿಗಿ)’, ‘ಪುಟ್ಟಿ-ಸಾಕ್ಸ್-ಜೋಡಿ ಇಲ್ಲದ್ದು’ ಅಂತ ಅಂಟಿಸಿದ್ರು. ಫೋಟೋ ಏಳನೇ ಸ್ಲೈಡಲ್ಲಿದೆ. ಇದಕ್ಕೆ ಎಷ್ಟು ಬೇಕಾದ್ರೂ ನಗಿ, ನನ್ನ ಅಭ್ಯಂತರ ಇಲ್ಲ. ಕೆಲಸ ಮಾಡೋ ಮನುಷ್ಯನ ವಿಚಿತ್ರಗಳಿಗೆ ನಗೋದಕ್ಕೂ ಕೆಲಸ ತಪ್ಪಿಸ್ಕೊಂಡಿದ್ದಕ್ಕೆ ನಗೋದಕ್ಕೂ ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕಿಲ್ಲ.

10/10

ಮತ್ತೆ, ರೀಲ್ ಬೇಡ ಅಂದ್ಮೇಲೆ ಏನು ಕಳಿಸಬೇಕು ಅಂತೀರಾ? ಈ ಪೋಸ್ಟ್ ಕೆಳಗೆ ನಿಮ್ಮ ಮನೆಯವರನ್ನ ಟ್ಯಾಗ್ ಮಾಡಿ, ಮೂರು ಪ್ರಶ್ನೆ ಕೇಳಿ. ಮಗುವಿನ ತೂಕ ಎಷ್ಟು? ಮುಂದಿನ ಲಸಿಕೆ ಯಾವಾಗ? ಚಪ್ಪಲಿ ಸೈಜು ಯಾವುದು?

ಬಸುರಿ ಇರೋರು, ಐದನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ ತವರಿಗೆ ಹೊರಡೋಕೆ ಬ್ಯಾಗ್ ಕಟ್ತಿರೋರು, ನಿಮಗೆ ಬೇರೆ ಕೆಲಸ. ಅಮ್ಮನ ಹತ್ರ ಈಗಲೇ ಮಾತಾಡಿ ಇಡಿ: ಶನಿವಾರ ಅಳಿಯ ಬಂದ್ರೆ ಹೋಳಿಗೆ ಆಮೇಲೆ, ಮೊದಲು ಬಚ್ಚಲುಮನೇಲಿ ಮಣೆ ಹಾಕಿ ಕೂರಿಸಿ. ನಾಚ್ಕೊಳ್ತಾರೆ, ಪಂಚೆ ಒದ್ದೆ ಮಾಡ್ಕೊಳ್ತಾರೆ. ಮೂರನೇ ಶನಿವಾರಕ್ಕೆ ಸರಿಹೋಗ್ತಾರೆ. ಮತ್ತೆ ರಾತ್ರಿ ಮಗು ಅತ್ತಾಗ ಅವರನ್ನ ಹೊರಗಿನ ಹಾಲಲ್ಲಿ ಹಾಸಿಗೆ ಹಾಕಿ ಮಲಗಿಸೋ ಮರ್ಯಾದೆ ಬೇಡ, ಒಳಗೇ ಇರಲಿ.

ಟ್ಯಾಗ್ ಮಾಡೋರಿಗೆ ಒಂದೇ ಷರತ್ತು. ಉತ್ತರ ಅವರೇ ಟೈಪ್ ಮಾಡಬೇಕು. ಅಡುಗೆಮನೆ ಕಡೆ ತಿರುಗಿ "ಏನೇ, ತೂಕ ಎಷ್ಟೇ?" ಅಂತ ಕೂಗಿದ್ರೆ ಲೆಕ್ಕಕ್ಕಿಲ್ಲ.

#ಅಪ್ಪನಿಗೂಬರುತ್ತೆ #ತಾಯಿಕಾರ್ಡ್ #ಜಡೆಕಥೆ #ಪುಟ್ಟಿಪಾಪು #ಕನ್ನಡಅಮ್ಮಂದಿರು